ದೋಣಿ ಎಂಜಿನ್‌ಗಳ ನಿಯತ ತಪಾಸಣೆ

ದೋಣಿ ಎಂಜಿನ್‌ಗಳ ನಿಯತ ತಪಾಸಣೆ ಎಂದರೆ ಯಂತ್ರಚಾಲಿತ ದೋಣಿಯ ಎಂಜಿನ್, ಇಂಧನ ವ್ಯವಸ್ಥೆ, ತಂಪುಗೊಳಿಸುವ ವ್ಯವಸ್ಥೆ, ವಿದ್ಯುತ್ ಸಂಪರ್ಕ ಹಾಗೂ ಪ್ರೊಪೆಲ್ಲರ್ ಮೊದಲಾದ ಚಾಲಕ ಭಾಗಗಳನ್ನು ಗೊತ್ತಾದ ಅವಧಿಗೊಮ್ಮೆ ಪರೀಕ್ಷಿಸಿ, ಸವೆದ ಭಾಗಗಳನ್ನು ಕೆಡುವ ಮೊದಲೇ ಬದಲಿಸುವ ಕ್ರಮ. ರಸ್ತೆಯ ಮೇಲೆ ವಾಹನದ ಎಂಜಿನ್ ನಿಂತರೆ ಪ್ರಯಾಣಿಕರು ಇಳಿದು ನಡೆಯಬಹುದು. ನೀರಿನ ನಡುವೆ ಎಂಜಿನ್ ನಿಂತ ದೋಣಿಯು ಪ್ರವಾಹಕ್ಕೂ ಗಾಳಿಗೂ ವಶವಾಗುತ್ತದೆ. ಆದುದರಿಂದ ದೋಣಿಯ ಎಂಜಿನ್ ತಪಾಸಣೆಯನ್ನು ಯಂತ್ರದ ಆರೈಕೆಯೆಂದು ಮಾತ್ರವಲ್ಲದೆ ಪ್ರಾಣರಕ್ಷಣೆಯ ಕ್ರಮವೆಂದೂ ಪರಿಗಣಿಸಲಾಗುತ್ತದೆ.

ಕರ್ನಾಟಕದಲ್ಲಿ ಈ ವಿಷಯವು ಕರಾವಳಿಯ ಮೀನುಗಾರಿಕೆ, ಜಲಾಶಯಗಳ ಲಾಂಚ್ ಹಾಗೂ ಪ್ರವಾಸಿ ದೋಣಿಗಳು, ಮತ್ತು ನೆರೆಯ ಕಾಲದ ರಕ್ಷಣಾ ದೋಣಿಗಳು ಎಂಬ ಮೂರು ವಲಯಗಳಿಗೆ ಸಂಬಂಧಿಸಿದೆ. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳನ್ನೊಳಗೊಂಡ ಮಲಪ್ರಭಾ ಕಣಿವೆಯಲ್ಲಿ ಮೂರನೆಯ ವಲಯಕ್ಕೆ ವಿಶೇಷ ಮಹತ್ವವಿದೆ.

ಅವಧಿಯ ಲೆಕ್ಕ

ತಪಾಸಣೆಯ ಅವಧಿಯನ್ನು ಎರಡು ಬಗೆಯಲ್ಲಿ ಅಳೆಯಲಾಗುತ್ತದೆ. ಒಂದು, ಎಂಜಿನ್ ಓಡಿದ ಗಂಟೆಗಳು. ಇನ್ನೊಂದು, ಕ್ಯಾಲೆಂಡರಿನ ತಿಂಗಳು ಅಥವಾ ವರ್ಷ. ಇವೆರಡರಲ್ಲಿ ಯಾವುದು ಮೊದಲು ತುಂಬುವುದೋ ಅದನ್ನೇ ಅನುಸರಿಸಬೇಕೆಂಬುದು ತಯಾರಕರ ಕೈಪಿಡಿಗಳ ಸಾಮಾನ್ಯ ನಿಯಮ. ದೋಣಿ ಕ್ರಮಿಸಿದ ದೂರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರವಾಹದ ಎದುರು ಸಾಗುವಾಗ ಎಂಜಿನ್ ಪೂರ್ಣ ಶಕ್ತಿಯಿಂದ ದುಡಿದರೂ ದೋಣಿ ಕ್ರಮಿಸುವ ದೂರ ಅಲ್ಪವಾಗಿರುವುದೇ ಇದಕ್ಕೆ ಕಾರಣ. ಟ್ರ್ಯಾಕ್ಟರಿನಲ್ಲಿರುವಂತೆ ದೋಣಿಯಲ್ಲಿಯೂ ಗಂಟೆ ಮೀಟರ್ ಅಳವಡಿಸುವುದು ಈ ಕಾರಣದಿಂದಲೇ. ಮೀಟರ್ ಇಲ್ಲದ ದೋಣಿಗಳಲ್ಲಿ ಓಡಿದ ಅವಧಿಯನ್ನು ಪುಸ್ತಕದಲ್ಲಿ ಬರೆದಿಡಬೇಕಾಗುತ್ತದೆ.

ಒಂದೇ ನಿಯಮವು ಬೇರೆ ಬೇರೆ ದೋಣಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಅನ್ವಯವಾಗುತ್ತದೆ. ಹತ್ತು ದಿನ ಹಗಲಿರುಳು ಸಮುದ್ರದಲ್ಲಿ ಎಂಜಿನ್ ನಿಲ್ಲಿಸದೆ ದುಡಿಯುವ ಟ್ರಾಲ್ ದೋಣಿಯು ಒಂದೇ ಯಾನದಲ್ಲಿ 240 ಗಂಟೆಗಳನ್ನು ಪೂರೈಸುತ್ತದೆ. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಎಣ್ಣೆ ಬದಲಿಸಲು ಗೊತ್ತುಪಡಿಸಿದ ಅವಧಿಯು ಅಷ್ಟರೊಳಗೇ ಮುಗಿಯುತ್ತದೆ. ವಾರಕ್ಕೆ ಅರ್ಧ ಗಂಟೆ ಮಾತ್ರ ಓಡುವ ಜಲಾಶಯದ ದೋಣಿಯು ವರ್ಷಕ್ಕೆ 26 ಗಂಟೆಗಳನ್ನಷ್ಟೇ ಪೂರೈಸುತ್ತದೆ. ಗಂಟೆಯನ್ನೇ ನಂಬಿದರೆ ಇಂತಹ ದೋಣಿಯ ಎಣ್ಣೆ ನಾಲ್ಕಾರು ವರ್ಷ ಬದಲಾಗದೆ ಉಳಿಯುತ್ತದೆ. ಹೀಗಾಗಿ ದುಡಿಯುವ ದೋಣಿಗೆ ಗಂಟೆಯೂ, ನಿಂತಿರುವ ದೋಣಿಗೆ ಕ್ಯಾಲೆಂಡರೂ ಅಳತೆಗೋಲಾಗುತ್ತವೆ.

ಎಂಜಿನ್‌ನ ಬಗೆಗಳು

ಇನ್‌ಬೋರ್ಡ್ ಎಂಜಿನ್: ದೋಣಿಯ ಒಡಲೊಳಗೆ ಕೂರಿಸಿದ ಎಂಜಿನ್. ಮಲ್ಪೆ, ಮಂಗಳೂರು, ಗಂಗೊಳ್ಳಿ, ಹೊನ್ನಾವರ, ಕಾರವಾರ ಮೊದಲಾದ ಬಂದರುಗಳ ಟ್ರಾಲ್ ಹಾಗೂ ಪರ್ಸೀನ್ ದೋಣಿಗಳಲ್ಲಿ ಡೀಸೆಲ್‌ನಿಂದ ಓಡುವ ಇಂತಹ ಎಂಜಿನ್‌ಗಳಿವೆ. ಇವುಗಳ ಮೂಲ ರಚನೆಯು ಟ್ರ್ಯಾಕ್ಟರ್ ಅಥವಾ ಲಾರಿಯ ಡೀಸೆಲ್ ಎಂಜಿನ್‌ನಂತೆಯೇ ಇದ್ದು, ತಂಪುಗೊಳಿಸುವ ವಿಧಾನ ಮಾತ್ರ ಭಿನ್ನವಾಗಿರುತ್ತದೆ. ಗಾಳಿಯಿಂದ ತಂಪಾಗುವ ರೇಡಿಯೇಟರ್‌ಗೆ ಬದಲಾಗಿ ಹೊರಗಿನ ನೀರನ್ನು ಬಳಸಿಕೊಂಡು ಎಂಜಿನ್‌ನ ಶಾಖವನ್ನು ಕಳೆಯಲಾಗುತ್ತದೆ.

ಔಟ್‌ಬೋರ್ಡ್ ಎಂಜಿನ್: ದೋಣಿಯ ಹಿಂಬದಿಯ ಹಲಗೆಗೆ ತಗುಲಿಸುವ, ಬೇಕಾದಾಗ ಕಳಚಬಹುದಾದ ಎಂಜಿನ್. ಕರಾವಳಿಯ ನಾಡದೋಣಿಗಳು, ಪ್ರವಾಸಿ ದೋಣಿಗಳು ಹಾಗೂ ಗಾಳಿ ತುಂಬಿದ ರಬ್ಬರ್ ರಕ್ಷಣಾ ದೋಣಿಗಳು ಇದನ್ನು ಬಳಸುತ್ತವೆ. ಪೆಟ್ರೋಲ್ ಇದರ ಸಾಮಾನ್ಯ ಇಂಧನ. ನಾಡದೋಣಿಗಳಲ್ಲಿ ಸೀಮೆಎಣ್ಣೆಯಿಂದ ಓಡುವ ಬಗೆಯೂ ಇದೆ. ಎರಡು ಸ್ಟ್ರೋಕ್‌ನ ಹಳೆಯ ಬಗೆಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಈ ಪ್ರಮಾಣವು ಸಾಮಾನ್ಯವಾಗಿ 50 ಭಾಗ ಪೆಟ್ರೋಲಿಗೆ 1 ಭಾಗ ಎಣ್ಣೆಯಷ್ಟಿರುತ್ತದೆ. ನಾಲ್ಕು ಸ್ಟ್ರೋಕ್‌ನ ಬಗೆಗಳಲ್ಲಿ ಎಣ್ಣೆಗೆ ಪ್ರತ್ಯೇಕ ತೊಟ್ಟಿ ಇರುತ್ತದೆ. ಎಣ್ಣೆ ಬೆರೆಸದ ಪೆಟ್ರೋಲನ್ನು ಎರಡು ಸ್ಟ್ರೋಕ್ ಎಂಜಿನ್‌ಗೆ ತುಂಬಿದರೆ ಪಿಸ್ಟನ್ ಸಿಲುಕಿ ಎಂಜಿನ್ ಕೆಲವೇ ನಿಮಿಷಗಳಲ್ಲಿ ಹಾಳಾಗಬಹುದು. ಎರಡೂ ಬಗೆಯ ಎಂಜಿನ್‌ಗಳಿರುವಲ್ಲಿ ಇಂಧನದ ಡಬ್ಬಿಗಳ ಮೇಲೆ ಹೆಸರು ಬರೆದಿಡುವುದು ಅಗತ್ಯ.

ತಪಾಸಣೆಯ ಹಂತಗಳು

ಕೆಳಗಿನ ಅವಧಿಗಳು ಸಾಮಾನ್ಯ ರೂಢಿಯವು. ಆಯಾ ಎಂಜಿನ್‌ನ ಕೈಪಿಡಿಯಲ್ಲಿ ಬೇರೆ ಅವಧಿ ಇದ್ದರೆ ಅದೇ ಅಂತಿಮ.

ಹೊಸ ಎಂಜಿನ್: ಹೊಸ ಎಂಜಿನ್‌ನ ಲೋಹದ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸೂಕ್ಷ್ಮ ಲೋಹಕಣಗಳು ಎಣ್ಣೆಯಲ್ಲಿ ಸೇರುತ್ತವೆ. ಆದುದರಿಂದ ಮೊದಲ ಸರ್ವೀಸ್ ಬೇಗನೆ ಬರುತ್ತದೆ. ಔಟ್‌ಬೋರ್ಡ್‌ಗಳಿಗೆ ಸುಮಾರು 20 ಗಂಟೆಗಳ ನಂತರ, ಇನ್‌ಬೋರ್ಡ್ ಡೀಸೆಲ್‌ಗಳಿಗೆ ಸುಮಾರು 50 ಗಂಟೆಗಳ ನಂತರ ಇದನ್ನು ಮಾಡುವುದು ವಾಡಿಕೆ.

ಪ್ರತಿ ಯಾನಕ್ಕೆ ಮೊದಲು: ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಮೆಕ್ಯಾನಿಕ್‌ನ ನೆರವು ಬೇಡ. ನೋಡಬೇಕಾದ ಅಂಶಗಳು ಇವು:
- ಎಣ್ಣೆಯ ಮಟ್ಟ ಮತ್ತು ಬಣ್ಣ. ಎಣ್ಣೆಯು ಹಾಲುಬೆರೆತಂತೆ ಬೆಳ್ಳಗಾಗಿದ್ದರೆ ಅದರೊಳಗೆ ನೀರು ಸೇರಿದೆ ಎಂದರ್ಥ.
- ಇಂಧನದ ಪ್ರಮಾಣ, ಕೊಳವೆಗಳಲ್ಲಿ ಬಿರುಕು ಅಥವಾ ಸೋರಿಕೆ, ಫಿಲ್ಟರ್‌ನ ಕೆಳಬಟ್ಟಲಿನಲ್ಲಿ ಸಂಗ್ರಹವಾದ ನೀರು.
- ನೀರು ಒಳಸೇರುವ ಜಾಲರಿಯಲ್ಲಿ ಸಿಕ್ಕಿಕೊಂಡ ಕಸ, ಪಾಚಿ ಅಥವಾ ಪ್ಲಾಸ್ಟಿಕ್.
- ಬ್ಯಾಟರಿಯ ತುದಿಗಳು, ಬೆಲ್ಟ್‌ಗಳ ಬಿಗಿತ, ಔಟ್‌ಬೋರ್ಡ್‌ನ್ನು ಹಲಗೆಗೆ ಬಿಗಿದ ತಿರುಪುಗಳು.
- ಪ್ರೊಪೆಲ್ಲರ್‌ನ ಎಲೆಗಳು ಮತ್ತು ಅದರ ಬುಡಕ್ಕೆ ಸುತ್ತಿದ ಬಲೆಯ ನೂಲು.
- ಚಾಲಕನ ಕೈಗೆ ಅಥವಾ ರಕ್ಷಾಕವಚಕ್ಕೆ ಕಟ್ಟುವ ಎಂಜಿನ್ ನಿಲುಗಡೆಯ ಹುರಿ. ಚಾಲಕ ನೀರಿಗೆ ಬಿದ್ದರೆ ಈ ಹುರಿ ಕಳಚಿ ಎಂಜಿನ್ ತಾನಾಗಿ ನಿಲ್ಲಬೇಕು.

ಒಡಲೊಳಗೆ ಪೆಟ್ರೋಲ್ ಎಂಜಿನ್ ಇರುವ ದೋಣಿಗಳಲ್ಲಿ, ಚಾಲೂ ಮಾಡುವ ಮೊದಲು ಎಂಜಿನ್ ಕೋಣೆಯ ಮುಚ್ಚಳ ತೆರೆದು ಗಾಳಿಯಾಡಿಸಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಉಳಿದು, ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು.

ಚಾಲೂ ಆದ ಕೂಡಲೇ: ಬಹುತೇಕ ಔಟ್‌ಬೋರ್ಡ್‌ಗಳ ಹಿಂಬದಿಯಿಂದ ತೆಳುವಾದ ನೀರಿನ ಧಾರೆಯೊಂದು ಚಿಮ್ಮುತ್ತದೆ. ತಂಪುಗೊಳಿಸುವ ನೀರು ಎಂಜಿನ್‌ನೊಳಗೆ ಹರಿಯುತ್ತಿರುವುದಕ್ಕೆ ಅದೇ ಗುರುತು. ಧಾರೆ ಕಾಣದಿದ್ದರೆ ಎಂಜಿನ್‌ನ್ನು ತಕ್ಷಣ ನಿಲ್ಲಿಸಬೇಕು. ಡೀಸೆಲ್ ಎಂಜಿನ್‌ಗಳಲ್ಲಿ ಎಣ್ಣೆಯ ಒತ್ತಡ ಮತ್ತು ಉಷ್ಣತೆಯ ಮಾಪಕಗಳನ್ನು ಗಮನಿಸಬೇಕು.

ಪ್ರತಿ ಯಾನದ ನಂತರ: ಉಪ್ಪುನೀರಿನಲ್ಲಿ ಅಥವಾ ಕೆಸರುನೀರಿನಲ್ಲಿ ಓಡಿದ ಔಟ್‌ಬೋರ್ಡ್‌ನ್ನು ಸಿಹಿನೀರಿನಿಂದ ಒಳಗೂ ಹೊರಗೂ ತೊಳೆಯಬೇಕು. ಒಳಗೆ ಉಳಿದ ಉಪ್ಪು ಒಣಗಿ ಹರಳುಗಟ್ಟಿ ನೀರಿನ ಕಾಲುವೆಗಳನ್ನು ಮುಚ್ಚುತ್ತದೆ. ಉಳಿದ ಕೆಸರೂ ಗಟ್ಟಿಯಾಗಿ ಇದೇ ತೊಂದರೆ ಕೊಡುತ್ತದೆ.

ಪ್ರತಿ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ: ನಾಲ್ಕು ಸ್ಟ್ರೋಕ್ ಔಟ್‌ಬೋರ್ಡ್‌ನ ಎಂಜಿನ್ ಎಣ್ಣೆ ಮತ್ತು ಫಿಲ್ಟರ್, ಕೆಳಭಾಗದ ಗೇರ್ ಎಣ್ಣೆ, ಇಂಧನ ಫಿಲ್ಟರ್ ಇವುಗಳನ್ನು ಬದಲಿಸಿ, ಸ್ಪಾರ್ಕ್ ಪ್ಲಗ್‌ಗಳನ್ನು ಪರೀಕ್ಷಿಸಲಾಗುತ್ತದೆ, ಗ್ರೀಸ್ ಹಚ್ಚಬೇಕಾದ ಕಡೆ ಹಚ್ಚಲಾಗುತ್ತದೆ. ಇನ್‌ಬೋರ್ಡ್ ಡೀಸೆಲ್‌ಗಳಲ್ಲಿ ಎಣ್ಣೆ ಬದಲಿಸುವ ಅವಧಿಯು ಎಂಜಿನ್‌ಗೆ ಅನುಗುಣವಾಗಿ ಸಾಮಾನ್ಯವಾಗಿ 100ರಿಂದ 250 ಗಂಟೆಗಳ ನಡುವೆ ಇರುತ್ತದೆ.

ವಾರ್ಷಿಕ ತಪಾಸಣೆ: ವರ್ಷಕ್ಕೊಮ್ಮೆ ನೀರಿನ ಪಂಪ್ ಬಿಚ್ಚಿ ಅದರೊಳಗಿನ ರಬ್ಬರ್ ಇಂಪೆಲ್ಲರನ್ನು ನೋಡಬೇಕು. ಅದರ ಎಲೆಗಳು ಬಿರಿದಿದ್ದರೆ ಅಥವಾ ಒಂದೇ ಕಡೆಗೆ ಬಾಗಿ ಉಳಿದಿದ್ದರೆ ಬದಲಿಸಬೇಕು. ಥರ್ಮೋಸ್ಟ್ಯಾಟ್, ಇಂಧನ ಕೊಳವೆಗಳು, ಚುಕ್ಕಾಣಿ ಮತ್ತು ಗೇರ್‌ನ ಕೇಬಲ್‌ಗಳು, ಇನ್‌ಬೋರ್ಡ್‌ಗಳಲ್ಲಿ ಪ್ರೊಪೆಲ್ಲರ್ ದಂಡವು ಒಡಲನ್ನು ದಾಟುವ ಜಾಗದ ಸೋರಿಕೆ ಇವೂ ಈ ತಪಾಸಣೆಗೆ ಸೇರುತ್ತವೆ. ಲೋಹದ ಭಾಗಗಳನ್ನು ತುಕ್ಕಿನಿಂದ ಕಾಪಾಡಲು ಎಂಜಿನ್‌ಗೆ ಆನೋಡ್ ಎಂಬ ಲೋಹದ ತುಂಡುಗಳನ್ನು ಜೋಡಿಸಿರುತ್ತಾರೆ. ಅವು ತಾವು ಸವೆದು ಎಂಜಿನ್‌ನ್ನು ಉಳಿಸುತ್ತವೆ. ಅರ್ಧದಷ್ಟು ಸವೆದಾಗ ಅವುಗಳನ್ನು ಬದಲಿಸುವುದು ರೂಢಿ.

ಕರಾವಳಿಯಲ್ಲಿ

ಕರ್ನಾಟಕದ ಕರಾವಳಿಯಲ್ಲಿ ವಾರ್ಷಿಕ ತಪಾಸಣೆಗೆ ಮಳೆಗಾಲವೇ ನಿಶ್ಚಿತ ಋತು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನುಗಳ ಸಂತಾನೋತ್ಪತ್ತಿಗೆ ಅವಕಾಶ ಕಲ್ಪಿಸುವುದೂ ಮುಂಗಾರಿನ ಕಡಲಿನಿಂದ ಮೀನುಗಾರರನ್ನು ಕಾಪಾಡುವುದೂ ಇದರ ಉದ್ದೇಶ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ಈ ಎರಡು ತಿಂಗಳಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ಒಡಲಿನ ದುರಸ್ತಿ, ಬಣ್ಣ ಹಾಗೂ ಎಂಜಿನ್‌ನ ಪೂರ್ಣ ಬಿಚ್ಚು-ಜೋಡಣೆ ನಡೆಯುತ್ತದೆ. ವಿನಾಯಿತಿ ಪಡೆದ ನಾಡದೋಣಿಗಳಿಗೆ ಇಂತಹ ಕಡ್ಡಾಯದ ಬಿಡುವು ಇಲ್ಲದಿರುವುದರಿಂದ, ಅವುಗಳ ತಪಾಸಣೆಯ ದಿನವನ್ನು ಮಾಲೀಕರೇ ಗೊತ್ತುಪಡಿಸಿಕೊಳ್ಳಬೇಕಾಗುತ್ತದೆ.

ಒಳನಾಡಿನ ಜಲಾಶಯಗಳಲ್ಲಿ

ಒಳನಾಡಿನ ಜಲಾಶಯಗಳಲ್ಲಿ ಮೀನು ಹಿಡಿಯುವವರ ಮುಖ್ಯ ಸಾಧನ ಹರಿಗೋಲು ಅಥವಾ ತೆಪ್ಪ. ಇವುಗಳಿಗೆ ಎಂಜಿನ್ ಇಲ್ಲ. ಯಂತ್ರಚಾಲಿತ ದೋಣಿಗಳು ಪ್ರವಾಸ, ಜಲಸಾರಿಗೆ ಮತ್ತು ರಕ್ಷಣಾ ಕಾರ್ಯಗಳಲ್ಲಿ ಕಾಣಸಿಗುತ್ತವೆ. ಕಬಿನಿ ಹಿನ್ನೀರಿನಲ್ಲಿ ಪ್ರವಾಸಿಗರಿಗೆ ವನ್ಯಜೀವಿಗಳನ್ನು ತೋರಿಸುವ ದೋಣಿಗಳಿವೆ. ಲಿಂಗನಮಕ್ಕಿ ಜಲಾಶಯದ ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುವ ಜನರನ್ನೂ ವಾಹನಗಳನ್ನೂ ಲಾಂಚ್‌ಗಳು ದಶಕಗಳ ಕಾಲ ದಾಟಿಸಿದವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಹಿನ್ನೀರಿನಾಚೆಯ ಊರುಗಳ ದೈನಂದಿನ ಬದುಕು ಆ ಎಂಜಿನ್‌ಗಳನ್ನು ಅವಲಂಬಿಸಿತ್ತು.

ಸಿಹಿನೀರಿನಲ್ಲಿ ಉಪ್ಪಿನ ಕಾಟವಿಲ್ಲವಾದರೂ ಬೇರೆ ತೊಂದರೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಡೆಯಾದ ಮರದ ಬೊಡ್ಡೆ ಹಾಗೂ ಕಲ್ಲುಗಳಿಗೆ ಪ್ರೊಪೆಲ್ಲರ್ ತಗಲುತ್ತದೆ. ಆಳ ಕಡಿಮೆ ಇರುವಲ್ಲಿ ಪಂಪ್ ಕೆಸರನ್ನು ಹೀರಿಕೊಳ್ಳುತ್ತದೆ. ಜಲಕಳೆಗಳು ಜಾಲರಿಗೆ ಸುತ್ತಿಕೊಳ್ಳುತ್ತವೆ. ಕಡಲಿಗೆಂದು ಮಾಡಿದ ಸತುವಿನ ಆನೋಡ್‌ಗಳ ಮೇಲೆ ಸಿಹಿನೀರಿನಲ್ಲಿ ಪದರವೊಂದು ಕಟ್ಟಿ ಅವು ಕೆಲಸ ಮಾಡದಂತಾಗುತ್ತವೆ. ಸಿಹಿನೀರಿಗೆ ಮೆಗ್ನೀಸಿಯಮ್ ಅಥವಾ ಅಲ್ಯೂಮಿನಿಯಮ್ ಮಿಶ್ರಲೋಹದವು ಸೂಕ್ತ.

ಮಲಪ್ರಭಾ ಕಣಿವೆಯಲ್ಲಿ

ಮಲಪ್ರಭಾ ನದಿಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಪಶ್ಚಿಮ ಘಟ್ಟದ ನಡುವೆ ಹುಟ್ಟಿ, ಕಿತ್ತೂರು ಭಾಗದ ಎಂ. ಕೆ. ಹುಬ್ಬಳ್ಳಿ ಹಾಗೂ ಬೈಲಹೊಂಗಲ ಸೀಮೆಯನ್ನು ಹಾದು ಸವದತ್ತಿ ತಾಲ್ಲೂಕನ್ನು ಸೇರುತ್ತದೆ. ಅಲ್ಲಿ ಮುನವಳ್ಳಿಯ ಸಮೀಪ ನವಿಲುತೀರ್ಥದ ಕಣಿವೆಯಲ್ಲಿ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಲಾಗಿದೆ. ಅದರ ಹಿಂದೆ ನಿಂತ ಜಲಾಶಯಕ್ಕೆ ಸವದತ್ತಿಯ ರೇಣುಕಾ ಯಲ್ಲಮ್ಮನ ಹೆಸರಿನಿಂದ ರೇಣುಕಾಸಾಗರ ಎಂಬ ಹೆಸರು ಬಂದಿದೆ. ಅಣೆಕಟ್ಟಿನ ಕೆಳಗೆ ನದಿಯು ರಾಮದುರ್ಗದ ಮಗ್ಗುಲಲ್ಲಿ ಹರಿದು, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಸವದತ್ತಿ ಮತ್ತು ರಾಮದುರ್ಗದ ಬಯಲಿನಲ್ಲಿ ಮಳೆ ಕಡಿಮೆ. ಆದರೆ ನದಿಯ ನೀರನ್ನು ನಿರ್ಧರಿಸುವುದು ಮೇಲಿನ ಖಾನಾಪುರದ ಕಾಡಿನ ಮಳೆ. ಆದುದರಿಂದ ಹನಿ ಮಳೆ ಬೀಳದ ಊರಿಗೂ ನೆರೆ ಬರಬಹುದು. 2019ರ ಆಗಸ್ಟ್‌ನಲ್ಲಿ ಘಟ್ಟದ ಭಾರಿ ಮಳೆಯಿಂದ ರೇಣುಕಾಸಾಗರ ತುಂಬಿ, ನವಿಲುತೀರ್ಥದಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗ ಹಾಗೂ ನದಿದಡದ ಅನೇಕ ಊರುಗಳಿಗೆ ನುಗ್ಗಿತು. ಆ ನೆರೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಭೂಸೇನೆ ಮತ್ತು ಅಗ್ನಿಶಾಮಕ ಸಿಬ್ಬಂದಿ ದೋಣಿಗಳ ಮೂಲಕ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದರು.

ರಕ್ಷಣಾ ದೋಣಿಯ ಎಂಜಿನ್ ತಪಾಸಣೆಯ ಕಷ್ಟ ಇಲ್ಲಿಯೇ ಇದೆ. ಇಂತಹ ಎಂಜಿನ್‌ಗೆ ವರ್ಷಗಟ್ಟಲೆ ಕೆಲಸ ಬಾರದೆ ಹೋಗಬಹುದು; ಬಂದಾಗ ಗಂಟೆಯ ಮುನ್ಸೂಚನೆಯೂ ಸಿಗದಿರಬಹುದು. ಗಂಟೆ ಮೀಟರ್ ಶೂನ್ಯದ ಬಳಿಯೇ ನಿಂತಿರುವುದರಿಂದ ಎಂಜಿನ್ ಹೊಸದರಂತಿದೆ ಎಂಬ ಭ್ರಮೆ ಹುಟ್ಟುತ್ತದೆ. ವಾಸ್ತವವಾಗಿ ನಿಂತ ಎಂಜಿನ್‌ನಲ್ಲಿ ಇಂಧನ, ರಬ್ಬರ್ ಮತ್ತು ಬ್ಯಾಟರಿ ತಾವಾಗಿಯೇ ಕೆಡುತ್ತಿರುತ್ತವೆ. ಜೂನ್‌ನಲ್ಲಿ ಘಟ್ಟದ ಮಳೆ ಆರಂಭವಾಗುವುದರಿಂದ ಈ ಕಣಿವೆಯ ದೋಣಿಗಳಿಗೆ ವಾರ್ಷಿಕ ತಪಾಸಣೆಯು ಮೇ ತಿಂಗಳಲ್ಲಿ ಮುಗಿದಿರುವುದು ಸೂಕ್ತ. ಬಿಡಿಭಾಗವನ್ನು ದೂರದ ಊರಿನಿಂದ ತರಿಸಬೇಕಾದರೆ ಅದಕ್ಕೂ ಕಾಲಾವಕಾಶ ಉಳಿಯುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಎಂಜಿನ್ ಓಡಿಸಿ ನೋಡುವುದು ಒಳ್ಳೆಯ ಪದ್ಧತಿ.

ನೆರೆಯ ನೀರಿನಲ್ಲಿ ಓಡುವ ಎಂಜಿನ್‌ಗೆ ಸಾಮಾನ್ಯ ಅವಧಿಗಳು ಅನ್ವಯಿಸುವುದಿಲ್ಲ. ಕಪ್ಪು ಮಣ್ಣಿನ ಹೊಲಗಳನ್ನು ತೊಳೆದುಕೊಂಡು ಬರುವ ನೀರಿನಲ್ಲಿ ಮಣ್ಣಿನ ಕಣಗಳು, ಕಬ್ಬಿನ ರವದಿ, ಮೇವಿನ ಕಣಿಕೆ, ಬಟ್ಟೆ, ತಂತಿ ಎಲ್ಲವೂ ಇರುತ್ತವೆ. ಕೆಸರು ಇಂಪೆಲ್ಲರನ್ನು ಬೇಗ ಸವೆಸುತ್ತದೆ. ರವದಿ ನೀರಿನ ದಾರಿಯನ್ನು ಮುಚ್ಚುತ್ತದೆ. ಆದುದರಿಂದ ಪ್ರತಿ ಸುತ್ತಿನ ನಂತರ ಜಾಲರಿ ಮತ್ತು ಪ್ರೊಪೆಲ್ಲರ್‌ಗಳನ್ನು ನೋಡಬೇಕು; ನೆರೆ ಇಳಿದ ಮೇಲೆ, ಓಡಿದ ಗಂಟೆಗಳು ಎಷ್ಟೇ ಕಡಿಮೆ ಇರಲಿ, ಪೂರ್ಣ ಸರ್ವೀಸ್ ಮಾಡಿಸಬೇಕು. ಎಂಜಿನ್ ನೀರಿನಲ್ಲಿ ಮುಳುಗಿದ್ದರೆ ಅದನ್ನು ಹಾಗೆಯೇ ಚಾಲೂ ಮಾಡಬಾರದು. ಪ್ಲಗ್‌ಗಳನ್ನು ಬಿಚ್ಚಿ ಸಿಲಿಂಡರಿನ ನೀರನ್ನು ಹೊರಹಾಕಿ, ಸಿಹಿನೀರಿನಿಂದ ತೊಳೆದು, ಎಣ್ಣೆ ಬದಲಿಸಿ, ಅದೇ ದಿನ ಮೆಕ್ಯಾನಿಕ್‌ಗೆ ಒಪ್ಪಿಸಬೇಕು.

ನಿಂತ ಎಂಜಿನ್‌ನ ಆರೈಕೆ

ಇಂಧನ: ಭಾರತದಲ್ಲಿ ಮಾರಾಟವಾಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಾದಾಗ ನೀರು ಮತ್ತು ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತೊಟ್ಟಿಯ ತಳಕ್ಕೆ ಇಳಿಯುತ್ತವೆ. ಹಳೆಯ ಪೆಟ್ರೋಲು ಕಾರ್ಬ್ಯುರೇಟರ್‌ನ ಸಣ್ಣ ರಂಧ್ರಗಳಲ್ಲಿ ಅಂಟಾಗಿ ಕೂರುತ್ತದೆ. ಆದ್ದರಿಂದ ದೀರ್ಘಕಾಲ ನಿಲ್ಲಿಸುವ ಮೊದಲು ಕಾರ್ಬ್ಯುರೇಟರ್‌ನ್ನು ಬರಿದು ಮಾಡಬೇಕು. ತೊಟ್ಟಿಯ ಇಂಧನವನ್ನು ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗಿ ತುಂಬಬೇಕು. ಡೀಸೆಲ್ ತೊಟ್ಟಿಯನ್ನು ತುಂಬಿಯೇ ಇಟ್ಟರೆ ಒಳಗೋಡೆಗಳ ಮೇಲೆ ತೇವ ಹನಿಗಟ್ಟುವುದು ಕಡಿಮೆಯಾಗುತ್ತದೆ.

ಓಡಿಸಿ ನೋಡುವುದು: ಔಟ್‌ಬೋರ್ಡ್‌ನ್ನು ನೀರಿಲ್ಲದೆ ಚಾಲೂ ಮಾಡಬಾರದು. ಇಂಪೆಲ್ಲರ್‌ಗೆ ನೀರೇ ಜಾರುಎಣ್ಣೆಯಾದುದರಿಂದ, ಒಣಗಿರುವಾಗ ಅದು ಬಹುಬೇಗ ಸುಟ್ಟುಹೋಗುತ್ತದೆ. ನೀರು ತುಂಬಿದ ದೊಡ್ಡ ಬ್ಯಾರೆಲ್‌ನಲ್ಲಿ ಎಂಜಿನ್‌ನ ಕೆಳಭಾಗವನ್ನು ಮುಳುಗಿಸಿ ಹತ್ತು ಹದಿನೈದು ನಿಮಿಷ ಓಡಿಸುವುದು ದಡದ ಮೇಲಿನ ಸುಲಭ ವಿಧಾನ. ಈ ಪರೀಕ್ಷೆಯಲ್ಲಿ ಗೇರನ್ನು ಹಾಕಬಾರದು.

ಇತರ ಭಾಗಗಳು: ಬ್ಯಾಟರಿಯನ್ನು ಕಳಚಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಔಟ್‌ಬೋರ್ಡ್‌ನ್ನು ನೆಟ್ಟಗೆ ನಿಲ್ಲಿಸಿಟ್ಟರೆ ಒಳಗಿನ ನೀರು ಪೂರ್ತಿ ಬಸಿಯುತ್ತದೆ. ಉಗ್ರಾಣದಲ್ಲಿಟ್ಟ ಎಂಜಿನ್‌ನ ಮುಚ್ಚಳದೊಳಗೆ ಇಲಿಗಳು ತಂತಿ ಕಡಿಯುವುದೂ ಕಣಜಗಳು ಗೂಡು ಕಟ್ಟಿ ರಂಧ್ರಗಳನ್ನು ಮುಚ್ಚುವುದೂ ಸಾಮಾನ್ಯ.

ದೋಷದ ಸೂಚನೆಗಳು

- ಕಪ್ಪು ಹೊಗೆ: ಇಂಧನ ಪೂರ್ತಿ ಉರಿಯುತ್ತಿಲ್ಲ. ಗಾಳಿಯ ಫಿಲ್ಟರ್ ಕಟ್ಟಿರಬಹುದು ಅಥವಾ ಹೊರೆ ಅತಿಯಾಗಿರಬಹುದು.
- ನೀಲಿ ಹೊಗೆ: ಎಂಜಿನ್ ಎಣ್ಣೆ ಉರಿಯುತ್ತಿದೆ. ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಅಲ್ಪ ನೀಲಿ ಹೊಗೆ ಸಹಜ.
- ನಿಲ್ಲದ ಬಿಳಿ ಹೊಗೆ: ಸಿಲಿಂಡರಿಗೆ ನೀರು ಸೇರಿರಬಹುದು ಅಥವಾ ಡೀಸೆಲ್ ಉರಿಯದೆ ಹೊರಬರುತ್ತಿರಬಹುದು.
- ಎಂಜಿನ್ ವೇಗ ಏರಿದರೂ ದೋಣಿ ಮುಂದೆ ಸಾಗದಿರುವುದು: ಪ್ರೊಪೆಲ್ಲರ್‌ಗೆ ಕಸ ಸುತ್ತಿರಬಹುದು ಅಥವಾ ಅದರ ಪಿನ್ ಮುರಿದಿರಬಹುದು.
- ಓಡುತ್ತಾ ತಡೆದು ತಡೆದು ನಿಲ್ಲುವುದು: ಇಂಧನದಲ್ಲಿ ನೀರು, ಕಟ್ಟಿದ ಫಿಲ್ಟರ್ ಅಥವಾ ತೊಟ್ಟಿಯ ಮುಚ್ಚಳದ ಗಾಳಿಕಿಂಡಿ ಮುಚ್ಚಿರುವುದು.

ದಾಖಲೆ ಮತ್ತು ಹೊಣೆ

ದಿನದ ತಪಾಸಣೆ ದೋಣಿಯನ್ನು ನಡೆಸುವವನ ಹೊಣೆ. ಅವಧಿಯ ಸರ್ವೀಸ್ ಮಾಡಿಸುವುದು ಮಾಲೀಕನ ಹೊಣೆ. ಇವೆರಡರ ನಡುವಿನ ಕೊಂಡಿಯೇ ದಾಖಲೆ ಪುಸ್ತಕ. ದಿನಾಂಕ, ಓಡಿದ ಗಂಟೆ, ತುಂಬಿದ ಇಂಧನ ಮತ್ತು ಎಣ್ಣೆ, ಬದಲಿಸಿದ ಭಾಗ, ಕಂಡ ದೋಷ ಇವಿಷ್ಟನ್ನು ಒಂದೊಂದು ಸಾಲಿನಲ್ಲಿ ಬರೆದರೆ ಸಾಕು. ಎಣ್ಣೆಯನ್ನು ಮತ್ತೆ ಮತ್ತೆ ತುಂಬಬೇಕಾಗುತ್ತಿರುವುದು ಪುಸ್ತಕದಲ್ಲಿ ಕಂಡುಬಂದರೆ, ಸೋರಿಕೆಯು ದೊಡ್ಡದಾಗುವ ಮೊದಲೇ ತಿಳಿಯುತ್ತದೆ. ಅನೇಕ ಜನರ ಕೈ ಬದಲಾಗುವ ರಕ್ಷಣಾ ದೋಣಿಗಳಿಗೆ ಈ ಪುಸ್ತಕ ಇನ್ನೂ ಅಗತ್ಯ.

ಎಂಜಿನ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ ದೋಣಿಯಲ್ಲಿ ಹುಟ್ಟು, ಹಗ್ಗ, ಲಂಗರು, ಬಿಡಿ ಸ್ಪಾರ್ಕ್ ಪ್ಲಗ್, ಪ್ರೊಪೆಲ್ಲರ್‌ನ ಬಿಡಿ ಪಿನ್, ಸ್ಪ್ಯಾನರ್ ಹಾಗೂ ಪ್ರತಿಯೊಬ್ಬರಿಗೂ ಜೀವರಕ್ಷಕ ಕವಚ ಇರಬೇಕು.

ಕಾನೂನು

ಭಾರತದ ಒಳನಾಡಿನ ಯಂತ್ರಚಾಲಿತ ನೌಕೆಗಳಿಗೆ ಸಂಬಂಧಿಸಿದಂತೆ 1917ರ ಕಾಯ್ದೆಯ ಸ್ಥಾನದಲ್ಲಿ 2021ರ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ನೌಕೆಗಳ ಸಮೀಕ್ಷೆ, ನೋಂದಣಿ, ಸಿಬ್ಬಂದಿಯ ಅರ್ಹತೆ ಮತ್ತು ವಿಮೆಯ ವಿಷಯಗಳು ಇದರ ವ್ಯಾಪ್ತಿಗೆ ಬರುತ್ತವೆ. ಕಡಲ ಮೀನುಗಾರಿಕೆಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ಅನ್ವಯಿಸುತ್ತದೆ. ಸಮೀಕ್ಷೆಯ ಪ್ರಮಾಣಪತ್ರವು ಪರೀಕ್ಷೆಯ ದಿನದಂದು ನೌಕೆಯು ಯೋಗ್ಯವಾಗಿತ್ತೆಂಬುದನ್ನು ತಿಳಿಸುತ್ತದೆ. ಅದು ದಿನನಿತ್ಯದ ತಪಾಸಣೆಗೆ ಪರ್ಯಾಯವಲ್ಲ.

ಇವನ್ನೂ ನೋಡಿ

- ಮಲಪ್ರಭಾ ನದಿ
- ನವಿಲುತೀರ್ಥ ಅಣೆಕಟ್ಟು
- ಹರಿಗೋಲು
- ಡೀಸೆಲ್ ಎಂಜಿನ್
- ಕರ್ನಾಟಕದಲ್ಲಿ ಮೀನುಗಾರಿಕೆ